ಕಪ್ಪು ಪರದೆಗೆ ಅಂಜುವುದೇಕೆ?

ಗಣಕಯಂತ್ರವನ್ನು ಬಳಸಬಲ್ಲೆವೆಂದು ಹೇಳಿಕೊಳ್ಳುವವರು ನಮ್ಮ ನಾಡಿನಲ್ಲಿ ಈಗ ವಿರಳರೇನಲ್ಲ. ಪ್ರೌಢಶಾಲೆಯ ಬಾಲಕನೂ ಪರದೆಯ ಮೇಲಿನ ಚಿತ್ರವನ್ನು ಒತ್ತಿ ತನಗೆ ಬೇಕಾದುದನ್ನು ತೆರೆಯಬಲ್ಲನು. ಆದರೆ ಆ ಚಿತ್ರಗಳೆಲ್ಲ ಮರೆಯಾಗಿ, ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿಯ ಗೆರೆ ಮಾತ್ರ ಮಿಟುಕುತ್ತ ನಿಂತಿತೆಂದರೆ ಅವನ ಧೈರ್ಯವೆಲ್ಲ ಉಡುಗಿಹೋಗುತ್ತದೆ. "ಕೆಟ್ಟುಹೋಯಿತು ಸಾರ್" ಎಂದು ಎದ್ದು ನಿಲ್ಲುತ್ತಾನೆ. ಯಂತ್ರವು ಕೆಟ್ಟಿರುವುದಿಲ್ಲ, ಅದು ಆಜ್ಞೆಗಾಗಿ ಕಾಯುತ್ತಿರುತ್ತದೆ, ಅಷ್ಟೆ. ಕಾಯುತ್ತಿರುವುದನ್ನು ಕೆಟ್ಟಿರುವುದೆಂದು ಬಗೆಯುವ ಈ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದವರು ಅಧ್ಯಾಪಕರಾದ ನಾವೇ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇವೆ.

ವಿಜ್ಞಾನದ ಯಾವ ಶಾಖೆಯನ್ನೇ ಓದುತ್ತಿರಲಿ, ಪದವಿಪೂರ್ವ ತರಗತಿಯನ್ನು ಮುಗಿಸುವಷ್ಟರಲ್ಲಿ ವಿದ್ಯಾರ್ಥಿಯು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ತನಗೆ ಬೇಕಾದ ತಂತ್ರಾಂಶವನ್ನು ಕೀಲಿಮಣೆಯಿಂದ ಆಜ್ಞೆ ಬರೆದು ತಾನೇ ಸ್ಥಾಪಿಸಿಕೊಳ್ಳಲು ಕಲಿತಿರಬೇಕು. ಅದಕ್ಕಿಂತ ಮುಖ್ಯವಾಗಿ, ಯಂತ್ರವು ಕೊಡುವ ಉತ್ತರವನ್ನು ನಿಂತು ಓದಲು ಕಲಿತಿರಬೇಕು. ಇದು ನಮ್ಮ ಅಭಿಪ್ರಾಯ. ಇದನ್ನು ನಾವು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಕುಳಿತು ಹೇಳುತ್ತಿಲ್ಲ. ಕಪಿಲಾ ನದಿಯ ದಡದ ಸರಗೂರಿನ ಅನುಭವದಿಂದ ಹೇಳುತ್ತಿದ್ದೇವೆ. ಇಲ್ಲಿ ಯಂತ್ರವೊಂದು ಮೊಂಡು ಹಿಡಿದರೆ ರಿಪೇರಿಯವರು ಐವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಮೈಸೂರಿನಿಂದ ಬರಬೇಕು. ಅವರು ಬಂದ ದಿನ ಕರೆಂಟು ಇರಬೇಕು. ಕರೆಂಟು ಇರುವ ಹೊತ್ತಿನಲ್ಲಿ ಪ್ರಯೋಗಶಾಲೆ ಬಿಡುವಾಗಿರಬೇಕು. ಈ ಮೂರೂ ಕೂಡಿಬರುವ ಮುಹೂರ್ತಕ್ಕಾಗಿ ಕಾಯುತ್ತ ಒಂದಿಡೀ ಶೈಕ್ಷಣಿಕ ವರ್ಷವನ್ನು ನಾವು ಕಳೆದುದುಂಟು.

ನಮ್ಮ ಭೌತಶಾಸ್ತ್ರ ಪ್ರಯೋಗಶಾಲೆಯ ಮೂಲೆಯಲ್ಲಿ ಹನ್ನೆರಡು ಹಳೆಯ ಗಣಕಗಳು ಬಹುಕಾಲದಿಂದ ಧೂಳು ಹಿಡಿದು ಕುಳಿತಿದ್ದುವು. ನೋಡಲು ಬಂದ ರಿಪೇರಿಯವರು, "ಇವಕ್ಕೆ ಹೊಸದೇನೂ ಹಿಡಿಯುವುದಿಲ್ಲ, ಗುಜರಿಗೆ ಹಾಕಿಬಿಡಿ" ಎಂದು ತೀರ್ಪು ಕೊಟ್ಟರು. ಇಂಥ ತೀರ್ಪು ಈಗ ಊರೂರುಗಳಲ್ಲಿಯೂ ಕೇಳಿಬರುತ್ತಿದೆ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಮುಗಿದ ಮೇಲಂತೂ, ಅದರ ಮುಂದಿನ ಆವೃತ್ತಿಗೆ ಒಗ್ಗದ ಯಂತ್ರಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಅನೇಕ ಶಾಲೆ ಕಾಲೇಜುಗಳ ಮುಂದಿದೆ. ಅವು ಕೂಡಿಸುವ ಕಳೆಯುವ ಶಕ್ತಿಯನ್ನೇನೂ ಕಳೆದುಕೊಂಡಿಲ್ಲ. ಅಳತೆಪಟ್ಟಿ ಹಳೆಯದಾದ ಮಾತ್ರಕ್ಕೆ ಸೆಂಟಿಮೀಟರು ಚಿಕ್ಕದಾಗುವುದೇ?

ಆದುದರಿಂದ ನಾವು ಗುಜರಿಯ ಸಲಹೆಯನ್ನು ಬದಿಗಿಟ್ಟು, ಪೆನ್ ಡ್ರೈವೊಂದಕ್ಕೆ ಡೆಬಿಯನ್ ಎಂಬ ವಿತರಣೆಯನ್ನು ಇಳಿಸಿಕೊಂಡು ಬಂದೆವು. ವಿತರಣೆ ಎಂದರೇನೆಂದು ಇಲ್ಲಿ ಒಂದು ಮಾತು ಹೇಳಬೇಕು. ಲಿನಕ್ಸ್ ಎಂಬುದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಬರೆಯತೊಡಗಿದ ತಿರುಳು. ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯವರು ಆ ವೇಳೆಗಾಗಲೇ ಉಳಿದ ಬಹುಪಾಲು ಉಪಕರಣಗಳನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೆಂದು ಬಿಟ್ಟುಕೊಟ್ಟಿದ್ದರು. ತಿರುಳನ್ನೂ ಉಪಕರಣಗಳನ್ನೂ ಸಾವಿರಾರು ತಂತ್ರಾಂಶಗಳನ್ನೂ ಒಂದಕ್ಕೊಂದು ಹೊಂದಿಸಿ ಹಂಚುವ ಕಟ್ಟೇ ವಿತರಣೆ. ಡೆಬಿಯನ್ನನ್ನು ೧೯೯೩ರಲ್ಲಿ ಆರಂಭಿಸಿದ ಇಯಾನ್ ಮರ್ಡಾಕನೂ ಆಗ ವಿದ್ಯಾರ್ಥಿಯೇ. ವಯಸ್ಸಿನ ಈ ವಿವರಗಳನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಈ ಪುಟವನ್ನು ಓದುತ್ತಿರುವವರು ಹೆಚ್ಚುಕಡಮೆ ಅದೇ ವಯಸ್ಸಿನವರಷ್ಟೆ.

ನಮ್ಮ ಗುರಿ ಗಣಕವನ್ನು ಎಬ್ಬಿಸುವುದಷ್ಟೇ ಆಗಿರಲಿಲ್ಲ. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ೨೦೦೪ರಲ್ಲಿ ಫೀನಿಕ್ಸ್ ಎಂಬ ಯೋಜನೆಯನ್ನು ಕೈಗೊಂಡು, ಕಡಮೆ ಖರ್ಚಿನಲ್ಲಿ ಭೌತಶಾಸ್ತ್ರದ ಪ್ರಯೋಗಗಳನ್ನು ಮಾಡುವ ಸಾಧನಗಳನ್ನು ರೂಪಿಸಿದರು. ಅದರ ಫಲವೇ ಎಕ್ಸ್‌ಪೈಸ್ ಎಂಬ ಅಂಗೈಯಗಲದ ಪೆಟ್ಟಿಗೆ. ಅದನ್ನು ಗಣಕಕ್ಕೆ ಜೋಡಿಸಿದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುತ್ತದೆ. ಸುರುಳಿಯೊಂದರೊಳಗೆ ಅಯಸ್ಕಾಂತವನ್ನು ಬೀಳಬಿಟ್ಟರೆ ಒಂದು ಉಬ್ಬೂ ಅದಕ್ಕೆ ಎದುರಾದ ಒಂದು ತಗ್ಗೂ ಮೂಡುತ್ತವೆ; ಎರಡನೆಯದು ಹೆಚ್ಚು ಆಳ, ಹೆಚ್ಚು ಕಿರಿದು, ಏಕೆಂದರೆ ಹೊರಬೀಳುವಾಗ ಅಯಸ್ಕಾಂತದ ವೇಗ ಹೆಚ್ಚಿರುತ್ತದೆ. ಫ್ಯಾರಡೆಯ ನಿಯಮವನ್ನು ಹಲಗೆಯ ಮೇಲೆ ಬರೆದುಕೊಟ್ಟಾಗ ತಲೆದೂಗುವ ಹುಡುಗರು ಇದನ್ನು ಕಂಡರೆ ಕುಳಿತಲ್ಲಿಂದ ಏಳುತ್ತಾರೆ. ಪೆಟ್ಟಿಗೆ ನಮ್ಮಲ್ಲಿತ್ತು. ಅದನ್ನು ನಡೆಸುವ ತಂತ್ರಾಂಶವು ಡೆಬಿಯನ್ನಿನ ಭಂಡಾರದಲ್ಲಿಯೇ ಇತ್ತು. ಒಂದು ಸಾಲಿನ ಆಜ್ಞೆಯ ದೂರ ಮಾತ್ರ ಉಳಿದಿತ್ತು.

ಆ ಸಾಲು ಇದು: ಸುಡೋ, ಆಪ್ಟ್, ಇನ್‌ಸ್ಟಾಲ್, ಐಸ್-ಹದಿನೇಳು. ಇವುಗಳನ್ನು ನಾವಿಲ್ಲಿ ಕನ್ನಡದಲ್ಲಿ ಬರೆದಿದ್ದರೂ ಯಂತ್ರಕ್ಕೆ ರೋಮನ್ ಸಣ್ಣಕ್ಷರಗಳಲ್ಲಿ ಕೊಡಬೇಕು. ಸುಡೋ ಎಂಬುದಕ್ಕೆ ಎಸ್, ಯು, ಡಿ, ಓ. ಆಪ್ಟ್ ಎಂಬುದಕ್ಕೆ ಎ, ಪಿ, ಟಿ. ಕಡೆಯ ಪದಕ್ಕೆ ಇ, ವೈ, ಇ, ಎಸ್ ಎಂಬ ಅಕ್ಷರಗಳೂ ಅವಕ್ಕೆ ಅಂಟಿಕೊಂಡಂತೆ ಒಂದು, ಏಳು ಎಂಬ ಅಂಕಗಳೂ. ಪದಪದದ ನಡುವೆ ತೆರಪು ಬಿಡಬೇಕು, ಪದದೊಳಗೆ ಬಿಡಬಾರದು.

ಮದುವೆಮನೆಯ ಉಗ್ರಾಣವನ್ನು ಕಂಡವರಿಗೆ ಈ ಸಾಲಿನ ಅರ್ಥ ಸುಲಭವಾಗಿ ಹೊಳೆಯುವುದು. ಅಡುಗೆಯವನು ಉಗ್ರಾಣದೊಳಕ್ಕೆ ನುಗ್ಗಿ ಮೂಟೆಗಳನ್ನು ಕೆದಕುವುದಿಲ್ಲ. ಚೀಟಿ ಬರೆದು ಕಳುಹಿಸುತ್ತಾನೆ. ಉಗ್ರಾಣದವನ ಬಳಿ ಯಾವ ಸಾಮಾನು ಎಲ್ಲಿದೆಯೆಂಬ ಪಟ್ಟಿಯಿರುತ್ತದೆ. ಆಪ್ಟ್ ಎಂಬುದು ಅಂಥ ಉಗ್ರಾಣದವನು. ಡೆಬಿಯನ್ನಿಗೆ ಅದು ಬಂದುದು ೧೯೯೯ರಲ್ಲಿ. ಈಗ ಅದರ ಸುಪರ್ದಿನಲ್ಲಿರುವ ಕಟ್ಟುಗಳು ೬೦,೦೦೦ಕ್ಕೂ ಹೆಚ್ಚು. ಈ ಉಗ್ರಾಣದವನು ಬುದ್ಧಿವಂತ. ಪಾಯಸವೆಂದು ಬರೆದರೆ ಸಾಕು, ಹಾಲು ಸಕ್ಕರೆ ದ್ರಾಕ್ಷಿ ಗೋಡಂಬಿಗಳಲ್ಲಿ ಮನೆಯಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ತಾನೇ ನೋಡಿ, ಇಲ್ಲದುದನ್ನು ಮಾತ್ರ ತರಿಸಿಕೊಡುತ್ತಾನೆ. ಒಂದು ತಂತ್ರಾಂಶವು ನಡೆಯಲು ಬೇಕಾದ ಬೇರೆ ತಂತ್ರಾಂಶಗಳಿಗೆ ಅವಲಂಬನೆಗಳೆಂದು ಹೆಸರು. ಇವುಗಳ ಲೆಕ್ಕವನ್ನು ಕೈಯಿಂದ ಮಾಡಹೊರಟರೆ ಸಂಜೆಯಾಗುತ್ತದೆ. ಅಲ್ಲದೆ ಬಂದ ಕಟ್ಟು ಭಂಡಾರದಿಂದಲೇ ಬಂದುದೋ, ದಾರಿಯಲ್ಲಿ ಯಾರಾದರೂ ಬೆರಕೆ ಮಾಡಿದರೋ ಎಂಬುದನ್ನು ಗಣಿತದ ಮುದ್ರೆಯೊಂದರಿಂದ ಆಪ್ಟ್ ಪರೀಕ್ಷಿಸುತ್ತದೆ. ಯಾರ ಕೈಯಿಂದಲೋ ಬಂದ ಪೆನ್ ಡ್ರೈವಿನಲ್ಲಿ ಕದ್ದ ತಂತ್ರಾಂಶವನ್ನೂ ಅದರ ಜೊತೆಗೆ ವೈರಸ್ಸನ್ನೂ ಹೊತ್ತು ತರುವ ನಮ್ಮ ಪದ್ಧತಿಗೆ ಹೋಲಿಸಿದರೆ ಇದು ಎಷ್ಟು ಮೇಲು!

ಇನ್ನು ನಡೆದುದನ್ನು ಹೇಳಬೇಕು. ದ್ವಿತೀಯ ವರ್ಷದ ಹುಡುಗನೊಬ್ಬನು ಚೀಟಿಯನ್ನು ಬರೆದನು. "ಈ ಹೆಸರಿನ ಕಟ್ಟು ಸಿಕ್ಕಲಿಲ್ಲ" ಎಂಬರ್ಥದ ಉತ್ತರ ಬಂದಿತು. ಅಕ್ಷರದ ತಪ್ಪಿರಬಹುದೆಂದು ನೋಡಿದೆವು. ಇ ಮತ್ತು ವೈ ಅದಲುಬದಲಾಗಿದ್ದುವು. ತಿದ್ದಿದೆವು. ಮತ್ತೆ ಅದೇ ಉತ್ತರ! ಉತ್ತರವೊಂದೇ, ಕಾರಣ ಬೇರೆ. ಯಂತ್ರಕ್ಕೆ ಡೆಬಿಯನ್ನನ್ನು ಹಾಕಿದಾಗ ಅಂತರಜಾಲದ ಸಂಪರ್ಕವಿರಲಿಲ್ಲವಾಗಿ ಉಗ್ರಾಣದವನ ಕೈಗೆ ಪಟ್ಟಿಯೇ ಬಂದಿರಲಿಲ್ಲ. ಆಪ್ಟ್ ಅಪ್‌ಡೇಟ್ ಎಂಬ ಆಜ್ಞೆಯು ಈ ಪಟ್ಟಿಯನ್ನು ಹೊಸದಾಗಿ ತರಿಸುತ್ತದೆ. ಅದನ್ನು ಕೊಟ್ಟರೆ ಇನ್ನೊಂದು ತಡೆ. "ಬೀಗ ಸಿಕ್ಕದು, ನೀನು ರೂಟ್ ಏನು?" ಎಂದು ಯಂತ್ರ ಕೇಳಿತು. ರೂಟ್ ಎಂದರೆ ಈ ವ್ಯವಸ್ಥೆಯಲ್ಲಿ ಮನೆಯ ಯಜಮಾನ. ಉಗ್ರಾಣದ ಬೀಗವನ್ನು ಯಜಮಾನನ ಅಪ್ಪಣೆಯಿಲ್ಲದೆ ತೆಗೆಯಲಾಗದು. ಸುಡೋ ಎಂದು ಸಾಲಿನ ಮೊದಲಿಗೆ ಬರೆಯುವುದೆಂದರೆ ಆ ಒಂದು ಕೆಲಸದ ಮಟ್ಟಿಗೆ ಯಜಮಾನನ ಅಧಿಕಾರವನ್ನು ಕೇಳುವುದು. ಹುಡುಗನು ಅಪ್‌ಡೇಟ್ ಎನ್ನುವಾಗ ಅದನ್ನು ಮರೆತಿದ್ದನು. ಸುಡೋ ಎಂದೊಡನೆ ಗುಪ್ತಪದ ಕೇಳಿತು. ಅವನು ಒತ್ತಿದ, ಒತ್ತಿದ. ಪರದೆಯ ಮೇಲೆ ಚುಕ್ಕೆಯೊಂದೂ ಮೂಡಲಿಲ್ಲ. ಕೀಲಿಮಣೆ ಸತ್ತಿತೆಂದು ಬೇರೊಂದನ್ನು ತಂದು ಜೋಡಿಸಿದರು. ಅದೂ "ಸತ್ತಿತ್ತು". ಗುಪ್ತಪದದ ಉದ್ದವೂ ಪಕ್ಕದವರಿಗೆ ತಿಳಿಯಬಾರದೆಂದು ಲಿನಕ್ಸ್ ಅದನ್ನು ತೋರಿಸುವುದೇ ಇಲ್ಲವೆಂಬುದನ್ನು ನಾವು ಮೊದಲೇ ಹೇಳಬೇಕಾಗಿತ್ತು, ಹೇಳಲು ಮರೆತೆವು.

ಕೊನೆಗೆ ಮೊಬೈಲಿನ ಸಂಪರ್ಕದಿಂದ ಕಟ್ಟುಗಳು ಒಂದೊಂದಾಗಿ ಇಳಿಯತೊಡಗಿದುವು. ಇಳಿದುದೂ ಆಯಿತು. ಅವು ಬಿಚ್ಚಿ ಸ್ಥಾಪನೆಯಾಗುತ್ತಿರುವಾಗ ಕರೆಂಟು ಹೋಯಿತು.

ಅರ್ಧ ಗಂಟೆಯ ಬಳಿಕ ಕರೆಂಟು ಬಂದಾಗ ನಮ್ಮ ಹುಡುಗನು ಅದೇ ಚೀಟಿಯನ್ನು ಮತ್ತೆ ಕೊಟ್ಟನು. ಈ ಸಲ ಉದ್ದನೆಯ ಒಂದು ಸಾಲು ಬಂದಿತು. ಅದನ್ನು ಓದದೆಯೇ ಅವನು, "ಇನ್ನು ಇದನ್ನು ಮೊದಲಿಂದ ಹಾಕಬೇಕು ಸಾರ್" ಎಂದನು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿನಲ್ಲಿಯೂ ಅದೇ ಇತ್ತು. ಆಗ ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬಳು ಹುಡುಗಿ, ಕಾಡಂಚಿನ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ಮನೆಯಲ್ಲಿ ಗಣಕವೆಂಬುದನ್ನು ಕಾಣದವಳು, ಮುಂದೆ ಬಂದು ಆ ಸಾಲನ್ನು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದಳು. ಅದರ ಅರ್ಥವಿಷ್ಟೆ: "ಸ್ಥಾಪನೆಯು ನಡುವೆ ನಿಂತುಹೋಗಿದೆ, ಸರಿಪಡಿಸಬೇಕಾದರೆ ಈ ಮುಂದಿನ ಆಜ್ಞೆಯನ್ನು ನೀವೇ ಕೊಡಿ." ಮುಂದೆ ಆಜ್ಞೆಯನ್ನೂ ಯಂತ್ರವೇ ಅಕ್ಷರ ಬಿಡದೆ ಬರೆದುಕೊಟ್ಟಿತ್ತು. ಡಿ, ಪಿ, ಕೆ, ಜಿ ಎಂದು ಆರಂಭವಾಗುವ ಆ ಸಾಲನ್ನು ಅವಳು ನೋಡಿಕೊಂಡು ಒತ್ತಿದಳು. ನಿಂತಲ್ಲಿಂದ ಕೆಲಸ ಮುಂದುವರಿಯಿತು. ಮೂರು ನಿಮಿಷದಲ್ಲಿ ಎಕ್ಸ್‌ಪೈಸಿನ ಕಿಟಕಿ ಪರದೆಯ ಮೇಲೆ ತೆರೆದಿತ್ತು.

ಈ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ನಮ್ಮ ಕೊರತೆಯು ಜಾಣತನದ್ದಲ್ಲ, ಓದುವ ಅಭ್ಯಾಸದ್ದು. ಚಿತ್ರವನ್ನು ಒತ್ತಿ ಒತ್ತಿ ಬೆಳೆದ ಹುಡುಗನು, ಪರದೆಯ ಮೇಲೆ ಏನಾದರೂ ಬರಹ ಬಂದೊಡನೆ ಅದನ್ನು ಮುಚ್ಚುವ ಗುಣಾಕಾರದ ಚಿಹ್ನೆಯನ್ನು ಹುಡುಕುತ್ತಾನೆ. ಅವನಿಗೆ ಬರಹವೆಂದರೆ ಅಡ್ಡಿ. ಗಣಕದ ಹಳೆಯ ಅಭ್ಯಾಸಗಳೊಂದೂ ಇಲ್ಲದ ಆ ಹುಡುಗಿಗೆ ಬರಹವು ಬರಹವೇ ಆಗಿತ್ತು, ಓದಿದಳು. ಗ್ಯಾಲ್ವನೋಮೀಟರಿನ ಮುಳ್ಳು ಎಡಕ್ಕೆ ಹೊರಳಿದರೆ ನಾವು ಉಪಕರಣವನ್ನು ಬೈಯುವುದಿಲ್ಲ. ವಿದ್ಯುತ್ತು ಎತ್ತ ಹರಿಯುತ್ತಿದೆಯೆಂದು ಯೋಚಿಸುತ್ತೇವೆ. ಗಣಕದ ದೋಷಸಂದೇಶವೂ ಅಂಥದೊಂದು ಮುಳ್ಳಿನ ಹೊರಳಿಕೆಯೇ. ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಇದು ಇಷ್ಟು ತಡವಾಗಿ ಹೊಳೆದುದು ನಾಚಿಕೆಯ ಸಂಗತಿ.

ಒಂದು ಯಂತ್ರವಾಯಿತು, ಉಳಿದ ಹನ್ನೊಂದಕ್ಕೆ? ಇಲ್ಲಿನ ಸಂಪರ್ಕದಲ್ಲಿ ಹನ್ನೆರಡು ಬಾರಿ ಇಳಿಸಿಕೊಳ್ಳುವುದು ಸಾಧ್ಯವೂ ಅಲ್ಲ, ವಿವೇಕವೂ ಅಲ್ಲ. ಇಳಿದ ಕಟ್ಟುಗಳನ್ನು ವ್ಯವಸ್ಥೆಯು ತನ್ನದೊಂದು ಕೋಶದಲ್ಲಿ ಇಟ್ಟಿರುತ್ತದೆಂದು ಕೇಳಿದ್ದೆವು. ನೋಡಿದರೆ ಕೋಶ ಬರಿದು. ಆಪ್ಟ್ ಎಂಬ ಹೊಸ ಆಜ್ಞೆಯು ಕೆಲಸ ಮುಗಿದೊಡನೆ ಕಟ್ಟುಗಳನ್ನು ಅಳಿಸಿಬಿಡುತ್ತದೆ, ಆಪ್ಟ್-ಗೆಟ್ ಎಂಬ ಹಳೆಯ ಆಜ್ಞೆಯಾದರೆ ಉಳಿಸಿಕೊಳ್ಳುತ್ತದೆ ಎಂಬುದನ್ನು ನಾವು ಕೈಪಿಡಿ ನೋಡಿ ತಿಳಿದುಕೊಂಡುದು ಆಮೇಲೆ. ಎರಡನೆಯ ಯಂತ್ರದಲ್ಲಿ ಹಳೆಯ ಆಜ್ಞೆಯನ್ನೇ ಕೊಟ್ಟು, ಕಟ್ಟುಗಳನ್ನು ಪೆನ್ ಡ್ರೈವಿಗೆ ತುಂಬಿಕೊಂಡು ಉಳಿದ ಯಂತ್ರಗಳಿಗೆ ಒಯ್ದೆವು. ಅಲ್ಲಿ ಡಿಪಿಕೆಜಿಯ ಆಜ್ಞೆಯ ಕೊನೆಗೆ ಒಂದು ನಕ್ಷತ್ರದ ಚಿಹ್ನೆಯನ್ನಿಟ್ಟು ಈ ಜಾತಿಯ ಕಡತಗಳೆಲ್ಲವನ್ನೂ ಎಂದು ಹೇಳಿದರಾಯಿತು. ಹತ್ತಾರು ಕಟ್ಟುಗಳು ಒಂದೇ ಸಾಲಿಗೆ ಕುಳಿತುಕೊಳ್ಳುತ್ತವೆ. ಎಲ್ಲ ಯಂತ್ರಗಳಲ್ಲಿಯೂ ಡೆಬಿಯನ್ನಿನ ಒಂದೇ ಆವೃತ್ತಿ ಇರಬೇಕೆಂಬುದಷ್ಟೇ ನಿಬಂಧನೆ. ಬೆರಳು ಮಾಡಿ ತೋರಿಸುವವನು ಕಣ್ಣೆದುರಿಗಿರುವುದನ್ನು ಮಾತ್ರ ಕೇಳಬಲ್ಲ. ಎಲ್ಲವೂ, ಇಂಥವು ಮಾತ್ರ, ಇದಾದ ಮೇಲೆ ಅದು ಎಂದೆಲ್ಲ ಹೇಳಬೇಕಾದರೆ ಭಾಷೆಯೇ ಬೇಕು. ಅಂಗಡಿಯ ಮುಂದೆ ನಿಂತ ಮಗು ಬೆರಳು ತೋರಿಸಿ ಮಿಠಾಯಿ ಕೊಳ್ಳಬಹುದು. ತಿಂಗಳ ದಿನಸಿಗೆ ಚೀಟಿಯನ್ನು ಬರೆಯಲೇಬೇಕಷ್ಟೆ.

ಈ ಭಾಷೆಯ ಪದಗಳು ಹೀಗೇಕೆ ಮೊಟಕಾಗಿವೆಯೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕಡತಗಳ ಪಟ್ಟಿಗೆ ಎಲ್, ಎಸ್. ನಕಲಿಗೆ ಸಿ, ಪಿ. ಸ್ಥಳಾಂತರಕ್ಕೆ ಎಂ, ವಿ. ಇದರ ಹಿಂದೆ ಒಂದು ಕಥೆಯಿದೆ. ಲಿನಕ್ಸಿಗೆ ಮಾದರಿಯಾದ ಯೂನಿಕ್ಸನ್ನು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಟ್ಟತೊಡಗಿದಾಗ ಅವರ ಮುಂದೆ ಪರದೆಗಳಿರಲಿಲ್ಲ. ಕಾಗದದ ಮೇಲೆ ಟಕಟಕನೆ ಮುದ್ರಿಸುವ ಟೆಲಿಟೈಪ್ ಯಂತ್ರಗಳಿದ್ದುವು. ಅವುಗಳ ವೇಗ ಕ್ಷಣಕ್ಕೆ ಹತ್ತು ಅಕ್ಷರ. ಅಂಥ ಯಂತ್ರದ ಮುಂದೆ ಕುಳಿತವನಿಗೆ ಉದ್ದ ಪದಗಳು ಹೇಗೆ ರುಚಿಸಿಯಾವು? ತಂತಿ ಕಚೇರಿಯಲ್ಲಿ ಪದಕ್ಕಿಷ್ಟೆಂದು ಹಣ ತೆತ್ತ ಹಿರಿಯರನ್ನು ಕೇಳಿದರೆ ಈ ಮಿತವ್ಯಯದ ಮರ್ಮ ಅವರಿಗೆ ತಿಳಿದಿರುತ್ತದೆ. ಅದೇ ಥಾಂಪ್ಸನ್ ೧೯೯೨ರಲ್ಲಿ ರಾಬ್ ಪೈಕನೊಡನೆ ಸೇರಿ, ಜಗತ್ತಿನ ಎಲ್ಲ ಲಿಪಿಗಳನ್ನೂ ಗಣಕದಲ್ಲಿ ಬರೆದಿಡುವ ಯುಟಿಎಫ್-೮ ಎಂಬ ಕ್ರಮವನ್ನು ರೂಪಿಸಿದನು. ಅದರಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹಾಗಿದ್ದರೂ ನಮ್ಮ ಲಿಪಿಗೆ ಆ ಕಪ್ಪು ಕಿಟಕಿಯಲ್ಲಿ ಸ್ಥಾನ ದೊರೆತುದು ಅದರಿಂದಲೇ.

ಇಲ್ಲಿಗೆ ನಮ್ಮ ಸಹೋದ್ಯೋಗಿಗಳ ಒಂದು ಆಕ್ಷೇಪಣೆಯನ್ನು ವಿಚಾರಿಸಬೇಕು. "ನಮ್ಮ ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು, ಇಂಗ್ಲಿಷಿನ ಈ ಗೊಡವೆ ಅವರಿಗೇಕೆ?" ಎಂದು ಕೇಳುತ್ತಾರೆ. ಕಾಳಜಿಯ ಮಾತೇ. ಆದರೆ ಎಲ್ಎಸ್, ಸಿಪಿ ಎಂಬವು ಇಂಗ್ಲಿಷೂ ಅಲ್ಲ; ಅವು ಲಂಡನ್ನಿನ ಹುಡುಗನಿಗೂ ಅಷ್ಟೇ ಹೊಸವು. ಉತ್ತರಗಳ ಭಾಷೆ ಇಂಗ್ಲಿಷೆಂಬುದು ನಿಜ. ಆದರೆ ಯಂತ್ರದ ಮಾತುಗಾರಿಕೆ ಬಹಳ ಬಡವಾದುದು, ಹೇಳಿದ್ದನ್ನೇ ಹೇಳುತ್ತದೆ. ಪರ್ಮಿಷನ್ ಡಿನೈಡ್ ಎಂದರೆ ಅಪ್ಪಣೆಯಿಲ್ಲ; ನೋ ಸಚ್ ಫೈಲ್ ಎಂದರೆ ಅಂಥ ಕಡತವಿಲ್ಲ; ಕಮಾಂಡ್ ನಾಟ್ ಫೌಂಡ್ ಎಂದರೆ ಅಂಥ ಆಜ್ಞೆ ಗೊತ್ತಿಲ್ಲ. ಮೂವತ್ತು ನಲವತ್ತು ಇಂಥ ನುಡಿಗಳನ್ನು ಕನ್ನಡದ ಅರ್ಥದೊಡನೆ ರಟ್ಟಿನ ಮೇಲೆ ಬರೆದು ನಾವು ಗೋಡೆಗೆ ತೂಗುಹಾಕಿದೆವು. ಎರಡು ತಿಂಗಳಲ್ಲಿ ಆ ರಟ್ಟನ್ನು ತಲೆಯೆತ್ತಿ ನೋಡುವವರು ಇಲ್ಲವಾದರು. ಭಾಷೆಯ ಹೆಸರಿನಲ್ಲಿ ಮಕ್ಕಳನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಕನ್ನಡಕ್ಕೆ ಮಾಡುವ ಉಪಕಾರವೇನಲ್ಲ.

ಕನ್ನಡದಲ್ಲಿ ಕಲಿಸಲು ಸಾಧ್ಯವೇ ಎಂಬ ಸಂದೇಹಕ್ಕಂತೂ ನಮ್ಮ ನೆರೆಯಲ್ಲೇ ಉತ್ತರವಿದೆ. ನಮ್ಮ ಸೀಮೆಯ ಕಾಡು ಮುಗಿದರೆ ಕೇರಳದ ವಯನಾಡು. ಆ ರಾಜ್ಯದವರು ೨೦೦೧ರಲ್ಲಿ ಶಾಲೆಗಳಿಗಾಗಿ ಐಟಿ ಯೋಜನೆಯೊಂದನ್ನು ಆರಂಭಿಸಿ, ಮುಂದಿನ ಕೆಲವೇ ವರ್ಷಗಳಲ್ಲಿ ಸರಕಾರಿ ಶಾಲೆಗಳ ಗಣಕಗಳನ್ನು ಲಿನಕ್ಸಿಗೆ ತಿರುಗಿಸಿದರು. ೨೦೧೭ರಿಂದ ಕೈಟ್ ಎಂಬ ಸಂಸ್ಥೆ ಆ ಕೆಲಸವನ್ನು ನಡೆಸುತ್ತಿದೆ. ತನ್ನದೇ ಲಿನಕ್ಸ್ ವಿತರಣೆಯನ್ನೂ ಸಿದ್ಧಪಡಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ವಿಷಯವನ್ನು ಕನ್ನಡ ಪಠ್ಯಪುಸ್ತಕದಲ್ಲಿಯೇ ಓದುತ್ತಾರೆ! ಗಡಿಯಾಚೆಯ ಕನ್ನಡದ ಮಗುವಿಗೆ ಆದುದು ಗಡಿಯೀಚೆಯ ಕನ್ನಡದ ಮಗುವಿಗೆ ಆಗದೆ? ಮುಂಬಯಿಯ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿಯೂ ಲಿನಕ್ಸಿನ ಪಾಠಗಳು ಕನ್ನಡದ ಧ್ವನಿಯಲ್ಲಿ ಉಚಿತವಾಗಿ ದೊರೆಯುತ್ತವೆ. ಒಂದೊಂದು ಪಾಠವೂ ಕೆಲವೇ ನಿಮಿಷಗಳದು.

ಡೆಬಿಯನ್ನಿನ ಭಂಡಾರದಲ್ಲಿ ನಮ್ಮ ಭಾಷೆಗಾಗಿಯೇ ಇರುವ ಕಟ್ಟುಗಳೂ ಉಂಟು. ಗುಬ್ಬಿ, ನವಿಲು ಎಂಬ ಅಂದವಾದ ಅಕ್ಷರಶೈಲಿಗಳಿವೆ. ಕನ್ನಡವನ್ನು ಬೆರಳಚ್ಚಿಸಲು ಬೇಕಾದ ಕೀಲಿವಿನ್ಯಾಸಗಳಿವೆ. ಮುದ್ರಿತ ಕನ್ನಡ ಪುಟದ ಛಾಯಾಚಿತ್ರವನ್ನು ಕೊಟ್ಟರೆ ಅದನ್ನು ಅಕ್ಷರಗಳಾಗಿ ಓದಿಕೊಡುವ ಟೆಸರಾಕ್ಟ್ ಎಂಬ ತಂತ್ರಾಂಶವಿದೆ. ಅದರ ಕನ್ನಡದ ಭಾಗವು ಬೇರೆಯೇ ಒಂದು ಕಟ್ಟಾಗಿ ದೊರೆಯುತ್ತದೆ. ಇದನ್ನು ತರಗತಿಯಲ್ಲಿ ತೋರಿಸಿದ ದಿನ ಕನ್ನಡ ವಿಭಾಗದ ಹಿರಿಯರೊಬ್ಬರು ಬಂದು ನಮ್ಮ ಬೆಂಚಿನ ಮೇಲೆ ಒಂದು ಗಂಟೆ ಕುಳಿತಿದ್ದರು. ಯಂತ್ರವು ಒತ್ತಕ್ಷರಗಳಲ್ಲಿ ಎಡವಿದಾಗಲೆಲ್ಲ ಅವರಿಗೆ ಪರಮಾನಂದ.

ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆರ್, ಎಂ ಎಂಬ ಎರಡಕ್ಷರದ ಆಜ್ಞೆ ಕಡತವನ್ನು ಅಳಿಸುತ್ತದೆ. ಅಳಿಸಿದುದು ಕಸದ ಬುಟ್ಟಿಯಲ್ಲಿ ಕಾದು ಕುಳಿತಿರುವುದಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬನು ತಾನು ಯಾವ ಕೋಶದಲ್ಲಿ ನಿಂತಿದ್ದೇನೆಂದು ನೋಡದೆ ಆ ಆಜ್ಞೆಯ ಮುಂದೆ ನಕ್ಷತ್ರವನ್ನಿಟ್ಟು ಒಂದು ವಾರದ ಅಳತೆಗಳನ್ನೆಲ್ಲ ಕಳೆದುಕೊಂಡನು. ಆಮೀಟರನ್ನು ಸಮಾಂತರವಾಗಿ ಜೋಡಿಸಿ ಸುಟ್ಟವನೂ ಹೀಗೆಯೇ ಕಲಿಯುತ್ತಾನೆ. ಇದಕ್ಕಿಂತ ಹೆಚ್ಚಿನ ಅಪಾಯ ಬೇರೊಂದಿದೆ. ಎಲ್ಲಿಯೋ ಕಂಡ ಆಜ್ಞೆಯನ್ನು ಅರ್ಥ ತಿಳಿಯದೆ ನಕಲಿಸಿ, ಅದೂ ಸುಡೋ ಸೇರಿಸಿ, ಯಂತ್ರಕ್ಕೆ ಉಣಿಸುವ ಚಾಳಿ. ಈಗ ಕೃತಕ ಬುದ್ಧಿಯ ಯಂತ್ರಗಳು ಕೇಳಿದೊಡನೆ ಆಜ್ಞೆ ಬರೆದುಕೊಡುವುದರಿಂದ ಈ ಚಾಳಿಗೆ ಇಂಬು ದೊರೆತಿದೆ. ಮನೆಯ ಬೀಗದಕೈಯನ್ನು ದಾರಿಹೋಕನಿಗೆ ಕೊಟ್ಟಂತಾಯಿತು. ಬರೆದುಕೊಟ್ಟವರು ಯಾರೇ ಇರಲಿ, ಸಾಲಿನ ಪ್ರತಿಯೊಂದು ಪದಕ್ಕೂ ಅರ್ಥ ಹೇಳಲಾಗದ ವಿದ್ಯಾರ್ಥಿಯು ಅದನ್ನು ಒತ್ತಕೂಡದೆಂಬುದು ನಮ್ಮ ಪ್ರಯೋಗಶಾಲೆಯ ನಿಯಮ. ಮ್ಯಾನ್ ಎಂದು ಬರೆದು ಆಜ್ಞೆಯ ಹೆಸರನ್ನು ಮುಂದಿಟ್ಟರೆ ಅದರ ಕೈಪಿಡಿ ತೆರೆದುಕೊಳ್ಳುತ್ತದೆ. ಅಂತರಜಾಲವಿಲ್ಲದ ದಿನವೂ ಅದು ದೊರೆಯುತ್ತದೆ, ಮತ್ತು ಸರಗೂರಿನಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಮಾಡಬೇಕಾದುದೇನು? ಗಣಕಶಾಸ್ತ್ರವನ್ನು ಆರಿಸಿಕೊಂಡವರಿಗೆ ಮಾತ್ರವಲ್ಲದೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಎಲ್ಲ ವಿದ್ಯಾರ್ಥಿಗಳಿಗೂ ಹನ್ನೆರಡು ಗಂಟೆಗಳ ಪ್ರಾಯೋಗಿಕ ಪಾಠವಾಗಿ ಇದನ್ನು ಕಲಿಸಬಹುದು. ನಮ್ಮ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಬೇಕಿಲ್ಲ. ಪರೀಕ್ಷೆಯಲ್ಲಿ ಆಜ್ಞೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಕೇಳಿದರೆ ಎಲ್ಲವೂ ಕೆಟ್ಟಂತೆ. ಅದರ ಬದಲು, ಬೇಕೆಂದೇ ಕೆಡಿಸಿಟ್ಟ ಒಂದು ಯಂತ್ರವನ್ನು ಮುಂದಿರಿಸಿ, ಅದರ ಸಂದೇಶವನ್ನು ಓದಿ ಸರಿಪಡಿಸೆಂದು ಹೇಳಬೇಕು. ಸರಿಪಡಿಸಲಾಗದಿದ್ದರೂ ಸಂದೇಶದ ಅರ್ಥವನ್ನು ಕನ್ನಡದಲ್ಲಿ ಬರೆದವನಿಗೆ ಅರ್ಧ ಅಂಕ ಸಲ್ಲಬೇಕು.

ಇದರಿಂದ ಉದ್ಯೋಗ ದೊರೆಯುವುದೇ ಎಂದು ಕೇಳುವ ತಂದೆತಾಯಿಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಷ್ಟನ್ನು ಹೇಳಬಹುದು. ೨೦೧೭ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ ಐನೂರು ಗಣಕಗಳ ಪಟ್ಟಿಯಲ್ಲಿರುವುವೆಲ್ಲವೂ ಲಿನಕ್ಸಿನವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗವು ಕ್ಷಣವೊಂದಕ್ಕೆ ೩.೩ ಪೆಟಾಫ್ಲಾಪ್, ಎಂದರೆ ಮೂರು ಸಾವಿರದ ಮುನ್ನೂರು ಲಕ್ಷಕೋಟಿ ಲೆಕ್ಕಗಳನ್ನು ಮಾಡುವ ಸಾಮರ್ಥ್ಯವುಳ್ಳದ್ದು. ಅಂಥ ಯಂತ್ರದ ಮುಂದೆ ಯಾರೂ ಮೌಸ್ ಹಿಡಿದು ಕೂರುವುದಿಲ್ಲ. ಸಂಶೋಧಕನು ದೂರದಲ್ಲೆಲ್ಲಿಯೋ ಕುಳಿತು ಇದೇ ಕಪ್ಪು ಕಿಟಕಿಯನ್ನು ತೆರೆದು, ಇವೇ ಎರಡಕ್ಷರದ ಆಜ್ಞೆಗಳನ್ನು ಬರೆದು ಅದರೊಡನೆ ವ್ಯವಹರಿಸುತ್ತಾನೆ. ಅನುಮತಿಯೊಂದು ದೊರೆತರೆ ಆ ದೂರದ ಊರು ಸರಗೂರೂ ಆಗಬಹುದು.

ನಮ್ಮ ಹನ್ನೆರಡು ಗಣಕಗಳಲ್ಲಿ ಹನ್ನೊಂದು ಈಗ ಕೆಲಸ ಮಾಡುತ್ತಿವೆ. ಸುರುಳಿ ಮತ್ತು ಅಯಸ್ಕಾಂತದ ಪ್ರಯೋಗಕ್ಕೆ ಸರದಿ ನಿಲ್ಲಬೇಕಾಗಿದೆ, ಪೆಟ್ಟಿಗೆಗಳಿರುವುದು ಎರಡೇ ಆದ್ದರಿಂದ. ಹನ್ನೆರಡನೆಯ ಗಣಕ ಮಾತ್ರ ಏಳುವಾಗ ಅರ್ಧದಲ್ಲೇ ನಿಂತು, ತನಗೆ ಬೇಕಾದ ಡಿಸ್ಕು ಕಾಣಿಸುತ್ತಿಲ್ಲವೆಂದು ಕಪ್ಪು ಪರದೆಯ ಮೇಲೆ ಬರೆದು ಮಿಟುಕುತ್ತಿದೆ. ಆ ಸಂದೇಶವನ್ನು ಪ್ರಥಮ ವರ್ಷದ ಇಬ್ಬರು ಅಕ್ಷರ ಬಿಡದೆ ನೋಟುಬುಕ್ಕಿಗೆ ಇಳಿಸಿಕೊಂಡು ಹೋಗಿದ್ದಾರೆ. ಒಳಗಿನ ತಂತಿ ಸಡಿಲವಾಗಿರಬಹುದೆಂದು ಅವರ ಊಹೆ. ಸೋಮವಾರ ಪೆಟ್ಟಿಗೆಯನ್ನು ಬಿಚ್ಚಿ ನೋಡುವರಂತೆ.